ಅಮೇರಿಕಾದವರ ಮನೆಯ ನಕ್ಷತ್ರ

ತಿರುವನಂತಪುರದ ಕರಮನದಲ್ಲಿ, ಹೊಳೆಯ ಕಡೆಗೆ ಇಳಿಯುವ ಓಣಿಯೊಂದರ ತುದಿಯಲ್ಲಿ, ಮೊನ್ನೆ ಮೊನ್ನೆಯವರೆಗೂ ‘ಅಮೇರಿಕಾ ನಿಲಯ’ ಎಂಬ ಕರಿಕಲ್ಲಿನ ಫಲಕ ರಾರಾಜಿಸುತ್ತಿತ್ತು. ಮೇಲಿನ ಸಾಲು ಮಲಯಾಳಂ, ಓಣಿಯವರು ಓದಲೆಂದು. ಕೆಳಗಿನ ಸಾಲು ಕನ್ನಡ, ಓಣಿಯವರು ಓದಲಾಗದೆ ಒದ್ದಾಡಲೆಂದು. ಆ ಮನೆಯವರಲ್ಲಿ ಯಾರೂ ಅಮೇರಿಕಾ ಕಂಡವರಲ್ಲ. ಯಾರ ಹತ್ತಿರವೂ ಪಾಸ್‌ಪೋರ್ಟ್ ಕೂಡ ಇಲ್ಲ. ಆದರೂ ಹಬ್ಬದ ದೇಣಿಗೆಗೆ ಹೊರಟ ಕ್ಲಬ್ಬಿನ ಹುಡುಗರು ಮೊದಲು ಬಂದು ಬೆಲ್ ಒತ್ತುವುದು ಅಲ್ಲೇ. ವಿಳಿಂಜಂನ ಮೀನುಗಾರನೊಬ್ಬ ತನ್ನ ಮಗನಿಗೆ ವೀಸಾ ಕೊಡಿಸಿ ಎಂದು ತಾಜಾ ನೆಯ್‌ಮೀನು ಹೊತ್ತು ತಂದಿದ್ದ. ಮನೆಯೊಡೆಯರು ಶುದ್ಧ ಸಸ್ಯಾಹಾರಿ. ಮೀನಿಗೊಂದು ಬೈಗುಳ, ವೀಸಾಕ್ಕೊಂದು ಬೈಗುಳ ತಿಂದು ಅವನು ಬಂದ ದಾರಿ ಹಿಡಿದ.

ಮನೆಯೊಡೆಯರ ಹೆಸರು ವಿಠಲ. ಕಲಬುರಗಿ ಕಡೆಯ ವಾಡಿ ಜಂಕ್ಷನ್ನಿನವರು. ಕೇಂದ್ರ ಸರ್ಕಾರದ ಲೆಕ್ಕ ತಪಾಸಣೆಯ ಕಚೇರಿಯೊಂದಕ್ಕೆ ಹುಡುಗನಾಗಿದ್ದಾಗ ಬಂದು ಸೇರಿದವರು ಈಗ ನಿವೃತ್ತಿಯ ಹೊಸ್ತಿಲಲ್ಲಿ ನಿಂತಿದ್ದಾರೆ. ಆಡಿಟ್ ಅವರಿಗೆ ನೌಕರಿಯಲ್ಲ, ರಕ್ತದ ಗುಂಪು. ಮದುವೆಗೆ ಹೋದರೆ ಬಾಳೆಯೆಲೆಯ ತುದಿ ಯಾವ ಕಡೆಗಿದೆ ಎಂದು ಮೊದಲು ನೋಡಿ ಆಕ್ಷೇಪಣೆ ಎತ್ತಿ, ಆಮೇಲೆ ವಧೂವರರಿಗೆ ಅಕ್ಷತೆ ಹಾಕುತ್ತಾರೆ. ರೈಲ್ವೆ ಸ್ಟೇಷನ್ನಿರುವ ತಂಪಾನೂರಿನ ಆಟೋದವರು ಅವರನ್ನು ದೂರದಿಂದ ಕಂಡರೆ ಸಾಕು, “ಆ ಕನ್ನಡ ಸಾರ್ ವರುನ್ನು” ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಮೀಟರಿನ ಮೇಲೆ ಟವಲ್ ಹಾಕಿ ನಿದ್ದೆ ನಟಿಸುತ್ತಾರೆ. ಅವರ ಮಲಯಾಳಂ ವ್ಯಾಕರಣದಲ್ಲಿ ಶುದ್ಧ, ಆದರೆ ಗಂಟಲು ಕಲಬುರಗಿಯದು. ಅಂಗಡಿಯಲ್ಲಿ ಕರಿಬೇವು ಕೇಳಿದರೂ ಅಂಗಡಿಯವನ ವಂಶವನ್ನು ವಿಚಾರಿಸಿದಂತೆ ಕೇಳಿಸುತ್ತದೆ.

ಇಷ್ಟು ಶತ್ರುಗಳನ್ನು ಸಂಪಾದಿಸಿದ ಮನುಷ್ಯನಿಗೆ ಅಭಿಮಾನವೆಂಬುದು ಒಂದೇ ಒಂದು ವಿಷಯದಲ್ಲಿತ್ತು. ಅದು ಅಮೇರಿಕಾ.

ಅವರ ತಂದೆ ಮಾಣಿಕಪ್ಪ ವಾಡಿಯ ಲೋಕೋ ಶೆಡ್ಡಿನಲ್ಲಿ ಎಂಜಿನ್ ಡ್ರೈವರ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಡಗಿನಲ್ಲಿ ಬಂದಿಳಿದ ದೈತ್ಯ ಉಗಿಬಂಡಿಗಳಿಗೆ ಶೆಡ್ಡಿನವರು ಇಟ್ಟ ಹೆಸರು ‘ಅಮೇರಿಕನ್’. ಅದನ್ನು ಓಡಿಸುವವರ ಗತ್ತೇ ಬೇರೆ. ಮಾಣಿಕಪ್ಪನಿಗೆ ಅಂಥದೊಂದು ಎಂಜಿನ್ ಸಿಕ್ಕಿದ ದಿನದಿಂದ ಅವನು ಅಮೇರಿಕಾ ಮಾಣಿಕಪ್ಪನಾದ, ಮನೆ ಅಮೇರಿಕಾದವರ ಮನೆಯಾಯಿತು. ಸೊಲ್ಲಾಪುರದ ಆಚೆ ಕಾಲಿಡದ ಕುಟುಂಬಕ್ಕೆ ಸ್ಟೇಷನ್ನಿನ ಕ್ಯಾಂಟೀನಿನಲ್ಲಿ ಭಜಿಯ ಮೇಲೆ ಇನ್ನೊಂದು ಹಿಡಿ ಭಜಿ ಬೀಳುತ್ತಿತ್ತು. ಯಾದಗಿರಿಯ ಸುಮಿತ್ರಾಬಾಯಿಯನ್ನು ಅವರಪ್ಪ ವಿಠಲರಿಗೆ ಕೊಟ್ಟದ್ದೂ “ಅಮೇರಿಕಾದವರ ಮನೀ ಸಂಬಂಧ” ಎಂಬ ಒಂದೇ ಮಾತಿಗೆ. ಮದುವೆಯಾಗಿ ಬಂದ ಹುಡುಗಿ ಹಿತ್ತಲಿನಲ್ಲಿ ಎರಡು ಎಮ್ಮೆ ಕಂಡು ಅತ್ತದ್ದು ಬೇರೆ ಮಾತು.

ಆ ಕಾಲದ ಡ್ರೈವರುಗಳು ತಮ್ಮ ತಮ್ಮ ಎಂಜಿನ್ನಿಗೆ ಒಡವೆ ಮಾಡಿಸಿ ಹಾಕುತ್ತಿದ್ದರು. ಹಿತ್ತಾಳೆಯ ನಕ್ಷತ್ರ, ಹದ್ದು, ಕಮಲ, ಅವರವರ ಭಕ್ತಿ. ಎಲ್ಲರೂ ಅದನ್ನು ಎಂಜಿನ್ನಿನ ಹಣೆಗೆ ಹಚ್ಚಿದರೆ ಮಾಣಿಕಪ್ಪ ಮಾತ್ರ ಊಟದ ತಟ್ಟೆಯಷ್ಟು ದೊಡ್ಡ ನಕ್ಷತ್ರವನ್ನು ಕೆನ್ನೆಗೆ, ಅಂದರೆ ಮೂತಿಯ ಬಲಬದಿಗೆ, ಬೋಲ್ಟ್ ಹಾಕಿ ಬಿಗಿದಿದ್ದ. ಯಾಕಪ್ಪಾ ಎಂದು ಬಾಲಕ ವಿಠಲ ಕೇಳಿದಾಗ, “ಹಣೀಗಿದ್ರ ಎದುರು ಬರೋ ಎಮ್ಮೀಗಷ್ಟೇ ಕಾಣ್ತದ ಮಗಾ. ಬಾಜೂಕಿದ್ರ ಪ್ಲಾಟ್‌ಫಾರ್ಮ್ ಮಂದಿ ಎಲ್ಲಾ ನೋಡ್ತಾರ” ಎಂದಿದ್ದ. ತಂದೆಯ ಈ ಜಾಣತನವನ್ನು ಮಗ ಜೀವನವಿಡೀ ಕೊಂಡಾಡಿದ. ಎಂಜಿನ್ ಸೇವೆಯಿಂದ ಇಳಿಯುವ ಮುಂಚಿನ ದಿನ ಮಾಣಿಕಪ್ಪ ತಾನೇ ಸ್ಪ್ಯಾನರ್ ಹಿಡಿದು ನಕ್ಷತ್ರ ಬಿಚ್ಚಿ ಮನೆಗೆ ತಂದ. ಅವನು ತೀರಿಕೊಂಡ ಮೇಲೆ ಅದು ಮಗನ ಜೊತೆ ಕೇರಳಕ್ಕೆ ಬಂದು, ಕರಮನದ ಮನೆಯ ದೇವರಕೋಣೆಯಲ್ಲಿ ಲಕ್ಷ್ಮಿಯ ಪಕ್ಕದಲ್ಲಿ ಕೂತಿತು. ಅದರ ಹಿಂಬದಿಯಲ್ಲೊಂದು ತಗ್ಗಿತ್ತು. ಎಂದೋ ಪೆಟ್ಟು ಬಿದ್ದು ನೆಗ್ಗಿರಬೇಕೆಂದು ಎಲ್ಲರೂ ತಿಳಿದಿದ್ದರು. ಸುಮಿತ್ರಾಬಾಯಿ ಆ ತಗ್ಗಿನಲ್ಲಿಯೇ ಹುಣಸೆಹಣ್ಣು ನೆನೆಹಾಕಿ ಅದರಿಂದಲೇ ನಕ್ಷತ್ರವನ್ನು ತಿಕ್ಕುತ್ತಿದ್ದರು.

ಇನ್ನು ಶತ್ರುವಿನ ಪ್ರವೇಶವಾಗಬೇಕು.

ಕೊಚ್ಚಿಯಲ್ಲಿ ಅಚ್ಯುತ ಎಂಬ ಕಾಸರಗೋಡಿನ ಕನ್ನಡಿಗರಿದ್ದಾರೆ. ಬ್ಯಾಂಕಿನಿಂದ ನಿವೃತ್ತರಾದವರು. ಎರಡೂ ಊರಿನ ಕನ್ನಡಿಗರು ಸೇರಿ ನವೆಂಬರಿನಲ್ಲಿ ಆಚರಿಸುವ ರಾಜ್ಯೋತ್ಸವದ ಊಟದ ಉಸ್ತುವಾರಿ ಹಿಂದೊಮ್ಮೆ ಅವರದಾಗಿತ್ತು. ಊಟ ಮುಗಿದ ಮೇಲೆ ಉಳಿದ ಹೋಳಿಗೆ ಎಲ್ಲಿ ಹೋಯಿತು ಎಂದು ವಿಠಲರು ತುಂಬಿದ ಸಭೆಯಲ್ಲಿ, ವಂದನಾರ್ಪಣೆಗೂ ಮೊದಲು, ಆಕ್ಷೇಪಣೆ ಎತ್ತಿದರು. ಅಚ್ಯುತರ ಹೆಂಡತಿ ಅನಸೂಯಾ ಅವರ ಚೀಲದಿಂದ ತುಪ್ಪದ ಪರಿಮಳ ಬರುತ್ತಿತ್ತೆಂಬುದಕ್ಕೆ ಸಾಕ್ಷಿಗಳಿದ್ದರು. ಅಚ್ಯುತರು ಅಂದು ಒಪ್ಪಲಿಲ್ಲ, ಇಂದಿಗೂ ಒಪ್ಪಿಲ್ಲ. ಅಂದಿನಿಂದ ಅವರ ಬಾಯಲ್ಲಿ ವಿಠಲರು ‘ಹೋಳಿಗೆ ಆಡಿಟರ್’, ವಿಠಲರ ಬಾಯಲ್ಲಿ ಅವರು ‘ಉಳಿಕೆ ಅಚ್ಯುತ’. ಭೂಮಿಗಾಗಿ, ಹೆಣ್ಣಿಗಾಗಿ ಯುದ್ಧಗಳಾದದ್ದುಂಟು. ಹೋಳಿಗೆಗಾಗಿ ಇಷ್ಟು ದೀರ್ಘಕಾಲ ನಡೆದ ಯುದ್ಧ ಬೇರೊಂದಿರಲಿಕ್ಕಿಲ್ಲ.

ನಿವೃತ್ತಿಯ ಬೇಸರ ಕಳೆಯಲು ಅಚ್ಯುತರು ಕೊಚ್ಚಿಯ ಹಿನ್ನೀರಿನ ದಂಡೆಯಲ್ಲಿ ಹೊಸದಾಗಿ ತೆರೆದ ಖಾಸಗಿ ರೈಲು ಮ್ಯೂಸಿಯಮ್ಮಿನಲ್ಲಿ ಸ್ವಯಂಸೇವಕರಾಗಿ ಸೇರಿದರು. ಅಲ್ಲಿ ಹಳೆಯ ಅಮೇರಿಕನ್ ಎಂಜಿನುಗಳಿಗಾಗಿಯೇ ಒಂದು ಅಂಗಳ. ಕಳೆದ ರಾಜ್ಯೋತ್ಸವದಲ್ಲಿ, ಪಾಯಸ ಬಡಿಸುವ ಹೊತ್ತಿಗೆ ಸರಿಯಾಗಿ, ಅವರು ವಿಠಲರ ಎಲೆಯ ಮುಂದೆ ಬಂದು ನಿಂತರು.

“ವಿಠಲರೇ, ನಮ್ಮ ಮ್ಯೂಸಿಯಮ್ಮಿಗೆ ಒಂದು ಎಂಜಿನ್ ಬಂದುಂಟು. ವಾಡಿಯದ್ದು. ನೀವು ವರ್ಷ ವರ್ಷ ಮೈಕಿನಲ್ಲಿ ಬೊಬ್ಬೆ ಹೊಡೆಯುವ ನಂಬರೇ ಅದರ ಮೈಮೇಲೆ ಉಂಟು.”

ವಿಠಲರ ಕೈಯ ತುತ್ತು ಅಲ್ಲೇ ನಿಂತಿತು. “ನಮ್ಮಪ್ಪನ ಎಂಜಿನ್ನಾ?”

“ಅಪ್ಪನದ್ದು ಹೌದು. ಅಮೇರಿಕಾದ್ದು ಹೌದಾ ಅಂತ ನನಗೆ ಸಂಶಯ.”

ಆ ಕ್ಷಣದಲ್ಲಿ ಪಂಕ್ತಿಯ ಸಾರು ತಣ್ಣಗಾಯಿತು. ವಾಡಿಯ ಮರ್ಯಾದೆ, ಯಾದಗಿರಿಯ ಸಂಬಂಧ, ಕ್ಯಾಂಟೀನಿನ ಅಷ್ಟೂ ಭಜಿ, ಎಲ್ಲವೂ ಒಂದೇ ವಾಕ್ಯದಲ್ಲಿ ಸಂಶಯಕ್ಕೊಳಗಾಗಿದ್ದವು. ವಿಠಲರು ಎಂಜಲು ಕೈಯಲ್ಲೇ ಎದ್ದರು. “ರೀ ಅಚ್ಯುತ! ಅಮೇರಿಕಾದ್ದು ಅಂತ ರುಜುವಾತಾದ್ರ ಏನ್ ಮಾಡ್ತೀರಿ?”

“ಬರುವ ವರ್ಷ ಇದೇ ಮೈಕಿನಲ್ಲಿ ನಿಂತು, ಹೋಳಿಗೆ ನಮ್ಮ ಮನೆಗೇ ಹೋದದ್ದು ಅಂತ ಹೇಳ್ತೇನೆ.”

ಸಭೆಯಲ್ಲಿ ಗುಜುಗುಜು. ಇಷ್ಟು ದೊಡ್ಡ ಪಣವನ್ನು ಯಾರೂ ನಿರೀಕ್ಷಿಸಿರಲಿಲ್ಲ.

“ಅಲ್ಲದಿದ್ದರೆ,” ಎಂದು ಅಚ್ಯುತರು ಪಾಯಸದ ಸೌಟು ಎತ್ತಿ ತೋರಿಸಿದರು, “ಶಿವರಾತ್ರಿಯ ಒಳಗೆ ನಿಮ್ಮ ಮನೆಯ ಗೋಡೆಯ ಮೇಲೆ ಆ ಅಮೇರಿಕಾ ಅನ್ನುವ ಹೆಸರು ಕಾಣಬಾರದು. ನಾನೇ ಬಂದು ನೋಡುವವ.”

“ಒಪ್ಪಿದೆ! ಕಾಣಬಾರದು ಅಂದ್ರ ಕಾಣಬಾರದು!” ಎಂದು ವಿಠಲರು ಗುಡುಗಿದರು. ಸುಮಿತ್ರಾಬಾಯಿ ಪಕ್ಕದ ಪಂಕ್ತಿಯಿಂದ “ಮೊದ್ಲ ಕೈ ತೊಳ್ಕೋರಿ” ಎಂದದ್ದು ಆ ಗದ್ದಲದಲ್ಲಿ ಕೇಳಿಸಲಿಲ್ಲ.

ಕ್ರಿಸ್‌ಮಸ್ ಕಳೆದ ಮೇಲೆ ಒಂದು ಬೆಳಿಗ್ಗೆ ಸೇನೆ ಹೊರಟಿತು. ಸೇನೆ ಎಂದರೆ ವಿಠಲರು, ಅವರ ಹೆಗಲಿನ ಕ್ಯಾನ್ವಾಸ್ ಚೀಲದಲ್ಲಿ ನಕ್ಷತ್ರ, ಹಿಂದೆ ಮೊಸರನ್ನದ ಡಬ್ಬಿ ಹಿಡಿದ ಸುಮಿತ್ರಾಬಾಯಿ.

“ಇದ್ಯಾಕ ಹೊತ್ಕೊಂಡು ಹೊಂಟೀರಿ? ದೇವರ ಪಕ್ಕದಾಗಿನ ಸಾಮಾನು,” ಎಂದು ಸುಮಿತ್ರಾಬಾಯಿ ಕೇಳಿದರು.

“ದಾಖಲೆ,” ಎಂದರು ವಿಠಲರು. “ದಾಖಲೆ ಇಲ್ದ ನಾ ಒಂದು ಮಾತೂ ಆಡೂದಿಲ್ಲ. ನಕ್ಷತ್ರ ಅದರ ಜಾಗಾದಾಗ ಇಟ್ಟು, ಆ ಅಚ್ಯುತನ್ನ ಬಾಜೂಕ ನಿಂದ್ರಿಸಿ ಫೋಟೊ ತೆಗೀತೀನಿ.”

ತಂಪಾನೂರಿನ ಸ್ಟೇಷನ್ನಿನ ಬಾಗಿಲಲ್ಲಿ ಚೀಲ ತಪಾಸಣೆಯ ಯಂತ್ರದೊಳಗೆ ಹೋಯಿತು. ಪರದೆಯ ಮೇಲೆ ಐದು ಮೊನೆಯ ಭಯಂಕರ ಆಕೃತಿಯೊಂದು ಮೂಡಿದ್ದನ್ನು ಕಂಡು ಪೊಲೀಸಿನವನು ಚೀಲ ಬಿಚ್ಚಿಸಿದ. ಹಿತ್ತಾಳೆ ಝಗ್ಗನೆ ಹೊಳೆಯಿತು. ಅವನು ಅದನ್ನು ಎರಡೂ ಕೈಯಲ್ಲಿ ಎತ್ತಿ, ತೂಗಿ ನೋಡಿ, ಕನಿಕರದಿಂದ “ಕ್ರಿಸ್‌ಮಸ್ ಕಳಿಞ್ಞಲ್ಲೋ ಸಾರೇ” ಎಂದ. ಹಬ್ಬ ಮುಗಿದ ಮೇಲೆ ನಕ್ಷತ್ರ ಹೊತ್ತು ತಿರುಗುವ ಮುದುಕನ ಬಗ್ಗೆ ಅವನಿಗೆ ನಿಜವಾಗಿಯೂ ಮರುಕ ಹುಟ್ಟಿತ್ತು. ವಿಠಲರು ಅವನ ಹೆಸರು, ಬಿಲ್ಲೆಯ ನಂಬರು ಕೇಳಿದರು. ಸುಮಿತ್ರಾಬಾಯಿ ಗಂಡನನ್ನು ರೈಲಿಗೆ ಎಳೆದುಕೊಂಡು ಹೋದರು.

ಕೊಲ್ಲಂ, ಕೋಟ್ಟಯಂ ದಾಟಿ ಎರ್ನಾಕುಲಂ ಸೇರುವವರೆಗೂ ವಿಠಲರು ಮಾರುಕಟ್ಟೆಯಲ್ಲಿ ನಿಂತ ಗೂಳಿಯ ಹಾಗೆ ಉಸಿರು ಬಿಡುತ್ತಿದ್ದರು. ಮಾರಲು ಬಂದ ಪಳಂಪೊರಿ ಎಂಬ ಕರಿದ ತಿಂಡಿಯೊಳಗಿನ ಬಾಳೆಹಣ್ಣು ಕಾಯಾಗಿದೆ ಎಂದು ಜಗಳ, ಕಿಟಕಿಯ ಗಾಜು ಏರುತ್ತಿಲ್ಲ ಎಂದು ಜಗಳ, ಎದುರಿನ ಸೀಟಿನವನು ನಕ್ಕದ್ದಕ್ಕೆ ಜಗಳ. ಯುದ್ಧಕ್ಕೆ ಮೊದಲು ಕತ್ತಿ ಮಸೆಯಬೇಕಲ್ಲ.

ಮ್ಯೂಸಿಯಂ ಒಂದು ಹಳೆಯ ಗೋದಾಮು, ಅದರ ಹಿಂದೆ ಅಂಗಳ. ನೀರಿನಾಚೆ ವಲ್ಲಾರ್ಪಾಡಂ ಬಂದರಿನ ಕ್ರೇನುಗಳು ಕಂಟೇನರ್ ಡಬ್ಬಿಗಳನ್ನು ಎತ್ತಿ ಇಳಿಸುತ್ತಿದ್ದವು. ಬಾಗಿಲಲ್ಲೇ ಅಚ್ಯುತರು, ಎದೆಯ ಮೇಲೆ ಎಂಜಿನ್ ಚಿತ್ರವಿರುವ ನೀಲಿ ಟೀ ಶರ್ಟು ಹೊಟ್ಟೆಗೆ ಬಿಗಿಯಾಗಿ ಹಾಕಿಕೊಂಡು, ಕೊರಳಲ್ಲಿ ಸೀಟಿ ನೇತಾಡಿಸಿಕೊಂಡು, ಮದುಮಗನ ಸೋದರಮಾವನ ಹಾಗೆ ನಿಂತಿದ್ದರು.

“ಬನ್ನಿ ಬನ್ನಿ. ಅಮೇರಿಕಾದವರು ಬನ್ನಿ. ಸುಮಿತ್ರಕ್ಕಾ, ಸೌಖ್ಯವಾ? ಇವರನ್ನು ಇಷ್ಟು ವರ್ಷ ಹೇಗೆ ಸುಧಾರಿಸಿದಿರಿ ಮಾರಾಯ್ರೆ?”

“ನಿಮ್ಮ ಅನಸೂಯಾ ಅವರು ನಿಮ್ಮನ್ನ ಸುಧಾರಿಸ್ಲಿಕತ್ತಾರಲ್ರೀ, ಹಂಗ,” ಎಂದರು ಸುಮಿತ್ರಾಬಾಯಿ. ಮೊದಲ ಬಾಣ ವಾಡಿಯ ಕಡೆಯಿಂದ ಹೋಯಿತು.

ಅಂಗಳದ ಉಸ್ತುವಾರಿ ಜಾಯ್ಸ್ ಎಂಬ ಹುಡುಗಿಯದು, ಕೋಟ್ಟಯಂ ಕಡೆಯವಳು. ಯಾವುದನ್ನೂ ಮುಟ್ಟಬಾರದೆಂದು ಅವಳು ಮೊದಲೇ ಕೈಮುಗಿದು ಹೇಳಿದಳು. ಕಬ್ಬಿಣದ ಎಂಜಿನ್ ಮುಟ್ಟಿದರೆ ಏನು ಮೈಲಿಗೆಯಾಗುತ್ತದೆ ಎಂದು ವಿಠಲರು ಮಲಯಾಳಂನಲ್ಲಿ ಕೇಳಿದರು. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

ಅಚ್ಯುತರು ಬೇಕೆಂದೇ ನಿಧಾನವಾಗಿ ನಡೆಸಿದರು. ಮೊದಲು ಒಂದು ಡೀಸೆಲ್ ಎಂಜಿನ್, ಮೂತಿ ಮೊಂಡು, ಮೈಯೆಲ್ಲ ಕೆಂಪು ಬಣ್ಣ. ಅಮೇರಿಕಾದಿಂದ ಬಂದದ್ದು, ಅದರ ಅಚ್ಚಿನಲ್ಲೇ ಆಮೇಲೆ ನಮ್ಮವರು ನೂರಾರು ಮಾಡಿಕೊಂಡರು ಎಂದು ಅಚ್ಯುತರು ವಿವರಿಸಿದರು. ವಿಠಲರು ಅದನ್ನು ಹೊಸದಾಗಿ ಕೆಲಸಕ್ಕೆ ಸೇರಿದ ಗುಮಾಸ್ತನನ್ನು ನೋಡುವಂತೆ ನೋಡಿ ಮುಂದೆ ಹೋದರು. ಎರಡನೆಯದು ಉಗಿಬಂಡಿ, ಮೂತಿ ಬಂದೂಕಿನ ಗುಂಡಿನಂತೆ ಚೂಪು, ಅದರ ಮೇಲೆ ಬೆಳ್ಳಿಬಣ್ಣದ ನಕ್ಷತ್ರ. ಫಿಲಡೆಲ್ಫಿಯಾದಲ್ಲಿ ಹುಟ್ಟಿ ಇಲ್ಲಿ ಮೇಲ್ ಗಾಡಿಗಳನ್ನು ಎಳೆದದ್ದು.

“ನೋಡಿ, ಇದು ಅಮೇರಿಕಾದ್ದು. ಇದರಲ್ಲಿ ಸಂಶಯ ಇಲ್ಲ,” ಎಂದರು ಅಚ್ಯುತರು.

“ಇದಾ? ಇದು ನಾಟಕದ ರಾಜಾ. ನಮ್ಮಪ್ಪಂದು ಪೈಲ್ವಾನ.”

ಮೂರನೆಯದು ಅಂಗಳದ ತುದಿಯಲ್ಲಿ, ನೀರಿಗೆ ಬೆನ್ನು ಹಾಕಿ ನಿಂತಿತ್ತು.

ಕರ್ರಗೆ, ಎತ್ತರಕ್ಕೆ, ಎದುರಿಗೆ ದೊಡ್ಡ ಕಬ್ಬಿಣದ ಜಾಲರಿ ಹಲ್ಲುಗಳು. ಕ್ಯಾಬಿನ ಪಕ್ಕದಲ್ಲಿ ಅದೇ ನಂಬರು. ವಿಠಲರು ನಿಂತುಬಿಟ್ಟರು. ಹೊಸ ಬಣ್ಣದ ಕೆಳಗಿನಿಂದಲೂ ಹಳೆಯ ಗ್ರೀಸು, ಕಲ್ಲಿದ್ದಲಿನ ವಾಸನೆ ಬಂದಂತಾಯಿತು. ಆ ಜಾಲರಿಯ ಮೇಲೆ ಕೂತು ಅವರು ಬೆಲ್ಲ ಕಡಿದದ್ದಿದೆ, ಆ ಕ್ಯಾಬಿನ ಕೆಳಗೆ ನಿಂತು ಅಪ್ಪನ ಬುತ್ತಿ ಎತ್ತಿಕೊಟ್ಟದ್ದಿದೆ. ಸುಮಿತ್ರಾಬಾಯಿ ಅಷ್ಟರಲ್ಲಿ ಎಂಜಿನ್ನಿಗೆ ಕೈಮುಗಿದಾಗಿತ್ತು, ಮಾವನವರ ವಾಹನ.

“ನೋಡಿದ್ರಾ? ಇದು ಅಮೇರಿಕಾ!” ಎಂದು ವಿಠಲರು ಗರ್ಜಿಸಿದರು.

“ಬಲಗಡೆ ಬನ್ನಿ,” ಎಂದರು ಅಚ್ಯುತರು ಜೇನಿನಂಥ ದನಿಯಲ್ಲಿ. “ನಕ್ಷತ್ರ ಇತ್ತು ಅಂತೀರಲ್ಲ, ಆ ಕಡೆಗೆ.”

ಮೂತಿಯ ಬಲಗೆನ್ನೆಯ ಮೇಲೆ, ನಕ್ಷತ್ರ ಇರುತ್ತಿದ್ದ ಜಾಗದಲ್ಲೇ, ಕಂಚಿನ ಫಲಕವೊಂದು ಬಿಸಿಲಿಗೆ ಮಿನುಗುತ್ತಿತ್ತು. ಎಂಜಿನ್ ತಯಾರಿಸಿದ ಕಾರ್ಖಾನೆಯವರು ಹಾಕುವ ಫಲಕ. ಉಬ್ಬು ಅಕ್ಷರಗಳಲ್ಲಿ ಕಾರ್ಖಾನೆಯ ಹೆಸರು, ಅದರ ಕೆಳಗೆ ಮಾಂಟ್ರಿಯಲ್.

ವಿಠಲರು ಗಹಗಹಿಸಿ ನಕ್ಕರು. “ಮಾಂಟ್ರಿಯಲ್! ಮಾಂಟ್ರಿಯಲ್ ಅಮೇರಿಕಾದಾಗ ಅಲ್ದ ನಿಮ್ಮ ಮಂಜೇಶ್ವರದಾಗ ಅದೇನು?”

“ಇನ್ನೊಂದು ಗೆರೆ ಉಂಟು. ಕನ್ನಡಕ ಹಾಕಿಕೊಂಡು ಓದಿ.”

ವಿಠಲರು ಕನ್ನಡಕ ಹಾಕಿಕೊಂಡು ಓದಿದರು. ಕೆನಡಾ.

ನೀರಿನಾಚೆ ಕ್ರೇನೊಂದು ಡಬ್ಬಿಯನ್ನು ಧಡ್ಡೆಂದು ಇಳಿಸಿತು.

“ಯುದ್ಧದ ಹೊತ್ತಿಗೆ ಎರಡೂ ದೇಶದಿಂದ ಬಂದದ್ದು,” ಎಂದು ಅಚ್ಯುತರು ಕೈಕಟ್ಟಿ ಪಾಠ ಹೇಳತೊಡಗಿದರು. “ಒಂದೇ ಅಚ್ಚು, ಒಂದೇ ಚಕ್ರ, ಒಂದೇ ಮೂತಿ. ಶೆಡ್ಡಿನವರು ಎಲ್ಲಕ್ಕೂ ಅಮೇರಿಕನ್ ಅಂತಲೇ ಕರೆದರು. ನಿಮ್ಮದು ಕೆನಡಾದ್ದು. ಬಂದ ದಿನವೇ ನಾನು ನೋಡಿದ್ದೆ. ರಾಜ್ಯೋತ್ಸವದವರೆಗೆ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದೇ ಕಷ್ಟ ಆಯಿತು.”

“ಸುಳ್ಳ! ಈ ಫಲಕ ನೀವ ಹಚ್ಚೀರಿ! ಇಲ್ಲಿ ನಮ್ಮಪ್ಪನ ನಕ್ಷತ್ರ ಇತ್ತು. ನಾ ಕಣ್ಣಾರೆ ನೋಡೀನಿ, ನಕ್ಷತ್ರ ಅಷ್ಟೇ ಇತ್ತು, ಫಲಕ ಗಿಲಕ ಏನೂ ಇರ್ಲಿಲ್ಲ!”

“ಹಾಗಾದರೆ ಫಲಕದ ಸುತ್ತ ಈ ತೂತುಗಳು ಎಂಥದ್ದಕ್ಕೆ?”

ಫಲಕದ ಹೊರಗೆ, ಅದಕ್ಕೆ ಸಂಬಂಧವೇ ಇಲ್ಲದ ಹಾಗೆ, ನಾಲ್ಕು ಹಳೆಯ ಬೋಲ್ಟಿನ ತೂತುಗಳಿದ್ದವು. ವಿಠಲರು ಚೀಲದಿಂದ ನಕ್ಷತ್ರ ಹಿರಿದರು. ಒರೆಯಿಂದ ಖಡ್ಗ ಎಳೆದ ಹಾಗೆಯೇ ಕಂಡಿತು.

“ಸಾರೇ, ತೊಡಲ್ಲೇ!” ಎಂದು ಜಾಯ್ಸ್ ದೂರದಿಂದ ಕೂಗಿದಳು. ಮುಟ್ಟಬೇಡಿ ಎಂಬ ಆ ಕೂಗಿಗೆ ಕಿವಿಗೊಡುವ ಸ್ಥಿತಿಯಲ್ಲಿ ಅವರಿರಲಿಲ್ಲ. ಈ ತೂತಿಗೂ ನಕ್ಷತ್ರಕ್ಕೂ ತಾಳೆಯಾಗುವುದಿಲ್ಲ, ಈ ಫಲಕ ಇಲ್ಲಿದ್ದರೆ ನಕ್ಷತ್ರ ಕೂರುವುದೇ ಇಲ್ಲ, ಆದ್ದರಿಂದ ಫಲಕ ಈಚಿನದು, ಆದ್ದರಿಂದ ಅಚ್ಯುತ ಕಳ್ಳ: ಇಷ್ಟನ್ನು ಒಂದೇ ಏಟಿಗೆ ಸಾಧಿಸಿ ತೋರಿಸಲು ಅವರು ಹಾರಿ ಮೆಟ್ಟಿಲು ಹತ್ತಿ ನಕ್ಷತ್ರವನ್ನು ಫಲಕದ ಮೇಲೆ ಒತ್ತಿದರು.

ಟಕ್ ಎಂದು ಕೂತಿತು.

ನಾಲ್ಕು ತೂತಿಗೆ ನಾಲ್ಕು ತೂತು. ಹಿಂಬದಿಯ ಆ ತಗ್ಗು, ಎಂದೋ ಪೆಟ್ಟು ಬಿದ್ದು ಆದದ್ದೆಂದು ಎಲ್ಲರೂ ನಂಬಿದ್ದ, ಸುಮಿತ್ರಾಬಾಯಿ ಹುಣಸೆಹಣ್ಣು ನೆನೆಹಾಕುತ್ತಿದ್ದ ಆ ತಗ್ಗು, ಫಲಕವನ್ನು ಕರಂಡಕದ ಮುಚ್ಚಳದಂತೆ ತನ್ನೊಳಗೆ ಸೇರಿಸಿಕೊಂಡಿತು. ಮಾಂಟ್ರಿಯಲ್ ಕಾಣಲಿಲ್ಲ. ಕೆನಡಾ ಕಾಣಲಿಲ್ಲ. ಒಂದು ಅಕ್ಷರದ ಬಾಲವೂ ಹೊರಗೆ ಕಾಣಲಿಲ್ಲ. ಬಿಸಿಲಿಗೆ ಹೊಳೆಯುವ ನಕ್ಷತ್ರ, ಅದರ ಹಿಂದೆ ಕರ್ರಗಿನ ಕಬ್ಬಿಣ. ಅಷ್ಟೇ. ಅವರು ಬಾಲ್ಯದಲ್ಲಿ ಕಂಡದ್ದೂ ಅಷ್ಟೇ.

ವಿಠಲರು ಮೆಟ್ಟಿಲ ಮೇಲೆ ನಕ್ಷತ್ರಕ್ಕೆ ಕೈಯಾನಿಸಿ ಹಾಗೇ ನಿಂತರು. ನಿಧಾನವಾಗಿ ಎಲ್ಲವೂ ಅವರ ತಲೆಯೊಳಗೆ ಹಳಿಗೆ ಬಂದವು. ಹಣೆಗೆ ಬಿಟ್ಟು ಕೆನ್ನೆಗೆ ಯಾಕೆ? ಫಲಕ ಇದ್ದದ್ದು ಕೆನ್ನೆಯ ಮೇಲೆ. ಎಂಜಿನ್ ಇಳಿಯುವ ಮುಂಚೆ ತಾನೇ ಬಂದು ಯಾಕೆ ಬಿಚ್ಚಿದ? ಬೇರೆಯವರು ಬಿಚ್ಚಿದರೆ ಅಡಿಯಲ್ಲಿರುವುದು ಕಾಣುತ್ತದೆ. ಎಂಜಿನ್ನಿನ ಎಡಗೆನ್ನೆಯ ಮೇಲೆ ಫಲಕ ಕಿತ್ತ ಗುರುತಷ್ಟೇ ಇತ್ತು; ಅದನ್ನು ಯಾರು ಕಿತ್ತಿರಬೇಕೆಂದು ಹೇಳಲು ಜ್ಯೋತಿಷಿ ಬೇಕಿರಲಿಲ್ಲ. ಬಲಗಡೆಯದು ಅವನ ಸ್ಪ್ಯಾನರಿಗೆ ಬಗ್ಗಿರಲಿಕ್ಕಿಲ್ಲ. ಎಮ್ಮೆ, ಪ್ಲಾಟ್‌ಫಾರ್ಮ್ ಮಂದಿ ಎಂದೆಲ್ಲ ಹೇಳಿ ಆ ಮುದುಕ ಮಗನ ಬಾಯಿ ಮುಚ್ಚಿಸಿದ್ದ. ಮಾಣಿಕಪ್ಪನಿಗೆ ಮೊದಲಿನಿಂದಲೂ ಗೊತ್ತಿತ್ತು. ಅಡ್ಡಹೆಸರು ಉಳಿಯಲಿ, ಭಜಿ ಬೀಳಲಿ, ಮಗನಿಗೆ ಹೆಣ್ಣು ಸಿಗಲಿ ಎಂದು ಇಡೀ ಕೆನಡಾವನ್ನು ಒಂದು ಹಿತ್ತಾಳೆಯ ತುಂಡಿನ ಹಿಂದೆ ಅಡಗಿಸಿ ಮಾಲುಗಾಡಿ ಓಡಿಸಿದ್ದ!

ಊರವರೆಲ್ಲರ ಲೆಕ್ಕ ಹಿಡಿದ ವಿಠಲರಿಗೆ ಮನೆಯಲ್ಲೇ, ದೇವರಕೋಣೆಯಲ್ಲೇ, ಕೈಗೆ ಸಿಗುವಂತಿದ್ದ ಮೋಸ ಕಂಡಿರಲಿಲ್ಲ. ಕೋಪದಿಂದ ಅವರ ಕಿವಿ ಕೆಂಪಾಯಿತು. ಆ ಕೋಪದ ಕೆಳಗಿನಿಂದ, ಬಾಯ್ಲರಿನಲ್ಲಿ ಉಗಿ ಏರುವ ಹಾಗೆ, ಬೇರೇನೋ ಏರತೊಡಗಿತು. ಎಷ್ಟು ಅಚ್ಚುಕಟ್ಟು! ಎಂಥ ಕೈಗೆಲಸ! ಇಷ್ಟು ಚೊಕ್ಕವಾದ ಮರೆಮಾಚುವಿಕೆಯನ್ನು ಅವರು ಇಡೀ ಸೇವಾವಧಿಯಲ್ಲಿ ಯಾವ ಇಲಾಖೆಯಲ್ಲೂ ಕಂಡಿರಲಿಲ್ಲ. ಮೆಟ್ಟಿಲ ಮೇಲೆ ನಿಂತೇ ಅವರು ಖೊಕ್ ಎಂದರು. ಅದು ಕೆಮ್ಮೋ ನಗುವೋ ಕೆಳಗಿದ್ದವರಿಗೆ ತಿಳಿಯಲಿಲ್ಲ.

ಸುಮಿತ್ರಾಬಾಯಿಗೆ ತಿಳಿದದ್ದು ಬೇರೆಯೇ. “ಹಂಗಾರ ನಾ ಇಷ್ಟು ವರ್ಷ ಕೆನಡಾದವರ ಮನೀ ಸೊಸಿ ಏನ್ರಿ?” ಎಂದು ಅವರು ಸೊಂಟದ ಮೇಲೆ ಕೈಯಿಟ್ಟರು. “ನಮ್ಮಪ್ಪಗ ಅಮೇರಿಕಾ ಅಂತ ಹೇಳಿ ಮೋಸ ಮಾಡಿದ್ರಲ್ಲ! ನಿಮ್ಮಪ್ಪ ಇಲ್ಲ, ಯಾರನ್ನ ಕೇಳ್ಲಿ? ನೀವ ಹೇಳ್ರಿ!”

ಅಚ್ಯುತರು ಇನ್ನು ತಡೆಯಲಾರದೆ ಕೊರಳಿನ ಸೀಟಿಯನ್ನು ಒಮ್ಮೆ ಊದಿಯೇಬಿಟ್ಟರು. “ಶಿವರಾತ್ರಿಯೊಳಗೆ, ವಿಠಲರೇ! ಹೆಸರು ಕಾಣಬಾರದು! ಮತ್ತೆ ಇನ್ನೊಂದು: ಆ ನಕ್ಷತ್ರ ಎಂಜಿನಿನ ಭಾಗ ಅಂತ ಈಗ ರುಜುವಾಯಿತಲ್ಲ, ಅದು ಮ್ಯೂಸಿಯಮ್ಮಿನ ಸೊತ್ತು. ಇಲ್ಲೇ ಬಿಟ್ಟು ಹೋಗಿ.”

ಹೇಳಿದ್ದಷ್ಟೇ ಅಲ್ಲ, ಮೆಟ್ಟಿಲು ಹತ್ತಿ ನಕ್ಷತ್ರದ ಎರಡು ಮೊನೆ ಹಿಡಿದರು. ವಿಠಲರು ಉಳಿದ ಮೂರು ಹಿಡಿದರು. ಕಾಸರಗೋಡು ಒಂದು ಕಡೆಗೆ ಎಳೆಯಿತು, ಕಲಬುರಗಿ ಇನ್ನೊಂದು ಕಡೆಗೆ. ಇಬ್ಬರ ಹೊಟ್ಟೆಗಳೂ ಎಂಜಿನ್ನಿನ ಮೈಗೆ ಒರಗಿ ಹೊಸ ಕಪ್ಪು ಬಣ್ಣ ಬಳಿದುಕೊಂಡವು. ಸುಮಿತ್ರಾಬಾಯಿ ಮೊಸರನ್ನದ ಡಬ್ಬಿ ಎತ್ತಿ ಹಿಡಿದು, ಅದನ್ನು ಯಾರ ತಲೆಯ ಮೇಲೆ ಬಿಡುವುದೆಂದು ನಿರ್ಧರಿಸಲಾಗದೆ ನಿಂತರು. ಅತ್ತ ಜಾಯ್ಸ್ ಓಡುತ್ತ ಬಂದಳು.

ಆಗ ಆಡಿಟರಿಗೆ ಬುದ್ಧಿ ಮರಳಿತು. ಅವರು ಹಿಡಿತ ಸಡಿಲಿಸಿ, ತಣ್ಣಗೆ ಹೇಳಿದರು: “ಆತು, ತಗೋರಿ. ಇಲ್ಲೇ ಇರ್ಲಿ. ಬೋಲ್ಟ್ ಹಾಕಿ ಬಿಗೀರಿ. ಹುಡುಗೀ, ಇದು ನಮ್ಮಪ್ಪಂದು, ಮ್ಯೂಸಿಯಮ್ಮಿಗೆ ಕೊಟ್ಟೆ.” ಕೊನೆಯ ಮಾತನ್ನು ಜಾಯ್ಸ್‌ಗೆ ಅರ್ಥವಾಗಲೆಂದು ಮಲಯಾಳಂನಲ್ಲೂ ಹೇಳಿದರು. ಅವಳ ಮುಖ ಅರಳಿತು. ಅಂಗಳದ ದೊಡ್ಡ ಬೋರ್ಡಿನಲ್ಲಿ ಅಮೇರಿಕನ್ ಎಂಜಿನುಗಳು ಎಂದಷ್ಟೇ ಬರೆಸಿದ್ದ ಅವಳಿಗೂ ಈ ಕೆನಡಾದ ಫಲಕ ಗಂಟಲಿನ ಮುಳ್ಳಾಗಿತ್ತು.

ಅಚ್ಯುತರು ಗೆದ್ದ ಸಂತೋಷದಲ್ಲಿ ಸೀಟಿ ತುಟಿಗಿಟ್ಟವರು ಊದದೆ ಹಾಗೇ ನಿಂತರು. ನಕ್ಷತ್ರ ಇಲ್ಲಿ ಬಿಗಿದರೆ ಫಲಕ ಮುಚ್ಚುತ್ತದೆ. ಫಲಕ ಮುಚ್ಚಿದರೆ ಕೆನಡಾ ಮಾಯ. ನಾಳೆ ಬರುವ ಎಲ್ಲರಿಗೂ, ರಾಜ್ಯೋತ್ಸವಕ್ಕೆ ಸೇರುವ ಕನ್ನಡಿಗರಿಗೂ, ಇದು ಅಮೇರಿಕಾದ ಬೋರ್ಡಿನ ಕೆಳಗೆ ನಿಂತ ಅಮೇರಿಕಾದ ಎಂಜಿನ್. ಆಗ ಹೋಳಿಗೆಯ ಮಾತು ಯಾರ ಕೊರಳಿಗೆ ಬರುತ್ತದೆ?

“ಬೇಡ,” ಎಂದರು ಅವರು ಮೊನೆಗಳನ್ನು ಬಿಟ್ಟು. “ಬೇಡ ಬೇಡ. ತೆಗೆದುಕೊಂಡು ಹೋಗಿ ಮಾರಾಯ್ರೆ.”

“ಅಲ್ರೀ, ಎಂಜಿನ್ನಿನ ಭಾಗ ಅಂದ್ರಲ್ಲ?”

“ಎಂಥ ಭಾಗವೂ ಅಲ್ಲ. ಹಳೇ ಹಿತ್ತಾಳೆ. ಇಲ್ಲಿಂದ ಹೊರಡಿ ಒಮ್ಮೆ!”

ವಿಠಲರು ನಕ್ಷತ್ರವನ್ನು ಚೀಲಕ್ಕೆ ಇಳಿಸಿದರು. ಸೋತವರು ತಲೆಯೆತ್ತಿಕೊಂಡು ಹೋದರು, ಗೆದ್ದವರು ಜಾಯ್ಸ್‌ನ ಪ್ರಶ್ನೆಗಳಿಗೆ ಉತ್ತರ ಹೇಳುತ್ತ ಅಲ್ಲೇ ಸಿಕ್ಕಿಬಿದ್ದರು.

ತಿರುಗಿ ಬರುವ ರೈಲಿನಲ್ಲಿ ಸುಮಿತ್ರಾಬಾಯಿ ಕಾಯಂಕುಳಂವರೆಗೆ ಮಾತಾಡಲಿಲ್ಲ. ಅಲ್ಲಿಂದ ಮುಂದೆ ಮಾತಾಡಿದರು, ತಂಪಾನೂರು ಬರುವವರೆಗೆ ನಿಲ್ಲಿಸಲಿಲ್ಲ. ವಿಠಲರು ಒಂದಕ್ಕೂ ಆಕ್ಷೇಪಣೆ ಎತ್ತದೆ ಕಿಟಕಿಯಾಚೆ ನೋಡುತ್ತಿದ್ದರು. ಮಾತು ಕೊಟ್ಟಾಗಿತ್ತು. ಇಡೀ ಕೇರಳವನ್ನು ಮಾತಿಗೆ, ನಿಯಮಕ್ಕೆ ಕಟ್ಟಿಹಾಕಿ ಹಿಂಸಿಸಿದವರು ತಮ್ಮ ಮಾತು ಮುರಿಯುವ ಹಾಗಿರಲಿಲ್ಲ. ಹಾಗೆಂದು ಆ ಕಲ್ಲು ಕಿತ್ತರೆ, ಅಪ್ಪ ಅಷ್ಟು ಕಷ್ಟಪಟ್ಟು ಮುಚ್ಚಿಟ್ಟದ್ದನ್ನು ಮಗ ತಾನೇ ಕೈಯಾರೆ ತೆರೆದಿಟ್ಟ ಹಾಗೆ. ವರ್ಕಲ ದಾಟುವಾಗ ಅವರು ಮೊಣಕಾಲ ಮೇಲಿನ ಚೀಲವನ್ನೊಮ್ಮೆ ಸವರಿದರು. ಮುಖದ ಮೇಲೆ ಬಂದ ನಗುವನ್ನು ಎದುರಿನ ಸೀಟಿನವನು ಕಂಡು ಹೆದರಿ ಜಾಗ ಬದಲಿಸಿದ.

ಶಿವರಾತ್ರಿಯ ಹಿಂದಿನ ದಿನ ಅಚ್ಯುತರು ಕೊಚ್ಚಿಯಿಂದ ತಪಾಸಣೆಗೆ ಬಂದರು. ಓಣಿಗೆ ಇಳಿಯುವಾಗಲೇ ಅವರ ಕಣ್ಣು ಕುಕ್ಕಿತು. ಕರಿಕಲ್ಲಿನ ಫಲಕ ಅಲ್ಲೇ ಇದೆ. ಅದರ ಎಡ ಅರ್ಧದ ಮೇಲೆ, ಎರಡೂ ಸಾಲಿನ ಅಮೇರಿಕಾವನ್ನು ನುಂಗಿಕೊಂಡು, ಮಾಣಿಕಪ್ಪನ ನಕ್ಷತ್ರ ನಾಲ್ಕು ಬೋಲ್ಟಿನ ಮೇಲೆ ಝಗಝಗಿಸುತ್ತಿದೆ. ಪಕ್ಕದಲ್ಲಿ ಬರಿಯ ‘ನಿಲಯ’. ಪಕ್ಕದ ಮನೆಯ ಜೋಸೆಫ್ ಗೇಟಿಗೊರಗಿ, ಡಿಸೆಂಬರಿಗೆ ಇಷ್ಟು ಬೇಗ ನಕ್ಷತ್ರ ಕಟ್ಟಿದ ನೆರೆಯವರನ್ನು ಭಕ್ತಿಯಿಂದ ನೋಡುತ್ತಿದ್ದಾನೆ.

“ಇದು ಮೋಸ!” ಎಂದು ಅಚ್ಯುತರು ಕೂಗಿದರು.

“ಏನ್ ಮೋಸ? ಕಾಣಬಾರದು ಅಂದಿದ್ರಿ. ಕಾಣ್ತದೇನು?”

“ಅಡಿಯಲ್ಲಿ ಉಂಟಲ್ಲ!”

“ಅಡಿಯಾಗ ಏನದ ಅಂತ ಯಾರ್ ಹೇಳ್ಬೇಕು? ಅಮೇರಿಕಾ ಇರಬಹುದು, ಕೆನಡಾ ಇರಬಹುದು. ನಮ್ಮ ಮನೀ ಪದ್ಧತಿನೇ ಹಿಂಗ.”

ಅಚ್ಯುತರು ಕಲ್ಲಿಗೆ ಕೆನ್ನೆ ಒತ್ತಿ, ಒಂದು ಕಣ್ಣು ಮುಚ್ಚಿ, ನಕ್ಷತ್ರದ ಸಂದಿನಲ್ಲಿ ಇಣುಕಿದರು. ಮೇಲಿನಿಂದ ಇಣುಕಿದರು, ಕೆಳಗೆ ಕೂತು ಇಣುಕಿದರು. ಒಂದು ಕಾಗುಣಿತದ ಕೊಂಬೂ ಕಾಣಲಿಲ್ಲ. ಜೋಸೆಫ್ ಕೂಡ ಬಂದು ಇಣುಕಿ, ಏನೆಂದು ತಿಳಿಯದೆ ಶಿಲುಬೆಯ ಗುರುತು ಮಾಡಿಕೊಂಡ.

ಆ ಹೊತ್ತಿಗೆ ಸುಮಿತ್ರಾಬಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. ಮನೆಯೊಳಗಿನಿಂದ ತುಪ್ಪದ ಘಮ ಅವರ ಹಿಂದೆಯೇ ಬಂತು. ಯಾದಗಿರಿಗೆ ಮಾಡಿದ ಮೋಸವನ್ನು ಅವರು ಮರೆತಿರಲಿಲ್ಲ, ಮರೆಯುವವರೂ ಅಲ್ಲ. ಆದರೆ ಮನೆತನದ ಮರ್ಯಾದೆಗೆ ಹೊರಗಿನವರು ಕೈಹಾಕಿದಾಗ ಗಂಡನೊಡನೆ ಇರುವ ಲೆಕ್ಕವನ್ನು ಬದಿಗಿಡುವುದು ಅವರಿಗೆ ಗೊತ್ತಿತ್ತು.

“ಬಿಸಿಲಾಗ ಯಾಕ ಬಗ್ಗೀರಿ ಅಚ್ಯುತಣ್ಣಾ, ಒಳಗ ಬರ್ರಿ,” ಎಂದರು ಅವರು ಅಕ್ಕರೆಯಿಂದ. “ಹೋಳಿಗಿ ಮಾಡೀನಿ. ಹೊಟ್ಟಿ ತುಂಬ ಉಣ್ರಿ. ಉಳಿದಿದ್ದು ಕಟ್ಟಿಕೊಡ್ತೀನಿ, ಮನೀಗೆ ಒಯ್ಯೂದು ನಿಮಗ ರೂಢಿನೇ ಅದ.”